ಬೆರಳಿಗೆ ಕಾಣುವ ಅಕ್ಷರ

ಕಣ್ಣು ಮುಚ್ಚಿಕೊಂಡು ಈ ಪುಟದ ಮೇಲೆ ಬೆರಳಾಡಿಸಿ ನೋಡಿರಿ. ನುಣುಪಾದ ಕಾಗದವೆಂಬುದರ ಹೊರತು ಬೇರೇನೂ ತಿಳಿಯದು. ಹಾಗಾದರೆ ದೃಷ್ಟಿಯಿಲ್ಲದ ವಿದ್ಯಾರ್ಥಿಯು ಇದನ್ನು ಓದಲಾರದಿರುವುದಕ್ಕೆ ಕಾರಣ ಅವನ ಕಣ್ಣೋ, ನಮ್ಮ ಪುಸ್ತಕವೋ?

ಲೂಯಿ ಬ್ರೈಲನು 1809ರಲ್ಲಿ ಫ್ರಾನ್ಸಿನ ಕೂವ್ರೇ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯದು ಕುದುರೆಯ ಜೀನು ಮಾಡುವ ಕಸಬು. ಮೂರು ವರ್ಷದ ಮಗು ಚೂಪಾದ ಹತಾರದೊಡನೆ ಆಡುತ್ತಿರಲು ಒಂದು ಕಣ್ಣಿಗೆ ಗಾಯವಾಯಿತು. ನಂಜು ಇನ್ನೊಂದಕ್ಕೂ ಹಬ್ಬಿ ದೃಷ್ಟಿಯು ಪೂರ್ಣವಾಗಿ ಹೋಯಿತು. ಆದರೂ ತಂದೆತಾಯಿಗಳು ಅವನನ್ನು ಊರಿನ ಶಾಲೆಗೇ ಕಳುಹಿಸಿದರು. ಕೇಳಿದ್ದನ್ನೆಲ್ಲ ಅವನು ಬೇಗನೆ ಕಲಿತನು. ಓದುವುದಕ್ಕೂ ಬರೆಯುವುದಕ್ಕೂ ಮಾತ್ರ ಅಲ್ಲಿ ಅವನಿಗೆ ಸಾಧನವಿರಲಿಲ್ಲ. ಒಂದೇ ಬೆಂಚಿನ ಮೇಲೆ ಕುಳಿತ ಮಾತ್ರಕ್ಕೆ ಶಿಕ್ಷಣವು ಸಮಾನವಾಗುವುದಿಲ್ಲ.

1819ರಲ್ಲಿ ಅವನು ಪ್ಯಾರಿಸಿನ ಅಂಧರ ಶಾಲೆಯನ್ನು ಸೇರಿದನು. ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚುಮಾಡಿದ ಪುಸ್ತಕಗಳು ಅಲ್ಲಿದ್ದವು. ಕಣ್ಣಿಗಾಗಿ ರಚಿತವಾದ ಆ ಆಕೃತಿಗಳನ್ನು ಬೆರಳಿನಿಂದ ತಡವಿ ಗುರುತಿಸುವುದು ಬಹಳ ನಿಧಾನದ ಕೆಲಸವಾಗಿದ್ದಿತು. ಆಗ ಶಾರ್ಲ್ ಬಾರ್ಬಿಯೇ ಎಂಬಾತನು ಹನ್ನೆರಡು ಚುಕ್ಕೆಗಳ ಒಂದು ಲಿಪಿಯನ್ನು ಸೂಚಿಸಿದ್ದನು. ಬ್ರೈಲನು ಚುಕ್ಕೆಗಳನ್ನು ಆರಕ್ಕೆ ಇಳಿಸಿ, ಇಡೀ ಅಕ್ಷರವು ಒಂದೇ ಬೆರಳ ತುದಿಗೆ ಸಿಗುವಂತೆ ಮಾಡಿದನು. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅವನು ಈ ಲಿಪಿಯನ್ನು ರೂಪಿಸಿದನು.

ಇದರ ಗಣಿತ ಸರಳವಾದುದು. ಮೂರು ಮೂರರಂತೆ ಎರಡು ಸಾಲಾಗಿ ಆರು ಚುಕ್ಕೆಗಳ ಸ್ಥಾನಗಳಿವೆ. ಪ್ರತಿಯೊಂದೂ ಉಬ್ಬಿರಬಹುದು, ಇಲ್ಲವೆ ಚಪ್ಪಟೆಯಾಗಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಇಲ್ಲದ ಖಾಲಿ ಮನೆಯನ್ನು ಬಿಟ್ಟರೆ 63 ಗುರುತುಗಳು ದೊರೆಯುತ್ತವೆ. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ಅದರಲ್ಲಿ ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಗುರುತು.

ವಿಕಲತೆಯುಳ್ಳವರೂ ಇಲ್ಲದವರೂ ಒಟ್ಟಿಗೆ ಕಲಿಯುವಂತೆ ಶಾಲೆಯೇ ತನ್ನ ಕ್ರಮವನ್ನು ಹೊಂದಿಸಿಕೊಳ್ಳುವುದಕ್ಕೆ ಸಮನ್ವಯ ಶಿಕ್ಷಣವೆಂದು ಹೆಸರು. ನಮ್ಮ ದೇಶದ 2016ರ ಹಕ್ಕುಗಳ ಕಾಯಿದೆಯು ಇದನ್ನು ವಿಧಿಸುತ್ತದೆ. ಉಪಾಧ್ಯಾಯರು ಹಲಗೆಯ ಮೇಲೆ ಬರೆದುದನ್ನು ಬಾಯಿಂದಲೂ ಹೇಳುವುದು, ನಕ್ಷೆಯ ಗೆರೆಗಳನ್ನು ದಾರದಿಂದ ಅಂಟಿಸಿ ಉಬ್ಬಿಸುವುದು, ಇವು ಹೆಚ್ಚು ಖರ್ಚಿನ ಸಂಗತಿಗಳಲ್ಲ.

ಪಾಠದಷ್ಟೇ ಮುಖ್ಯವಾದುದು ಬಾಳಿನ ಸಿದ್ಧತೆ. ಬಿಳಿಯ ಕೋಲಿನಿಂದ ಮೆಟ್ಟಿಲನ್ನು ಅರಿಯುವುದು, ನಾಣ್ಯವನ್ನು ಮುಟ್ಟಿ ಗುರುತಿಸುವುದು, ಬಸ್ಸು ಹತ್ತುವುದು, ಅಡಿಗೆ ಮಾಡುವುದು, ಎಲ್ಲವೂ ಅಭ್ಯಾಸದಿಂದ ಬರುವ ವಿದ್ಯೆಗಳು. ಕನಿಕರದಿಂದ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಆ ಅಭ್ಯಾಸವನ್ನು ಕಸಿದುಕೊಂಡಂತಾಗುತ್ತದೆ. ದಾರಿಯಲ್ಲಿ ಗೆಳೆಯನ ಕೈ ಹಿಡಿದು ಎಳೆಯಬೇಡಿರಿ. ಸಹಾಯ ಬೇಕೇ ಎಂದು ಮೊದಲು ಕೇಳಿರಿ. ಬೇಕೆಂದರೆ ನಿಮ್ಮ ಮೊಳಕೈಯನ್ನು ನೀಡಿರಿ. ಅವನು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುವನು. ನಿಮ್ಮ ಚಲನೆಯಿಂದಲೇ ತಿರುವನ್ನೂ ಮೆಟ್ಟಿಲನ್ನೂ ತಿಳಿದುಕೊಳ್ಳುವನು.

ಬ್ರೈಲನು 1852ರಲ್ಲಿ ತೀರಿಕೊಂಡನು. ಅವನ ಲಿಪಿಗೆ ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆ ದೊರೆತುದು 1854ರಲ್ಲಿ. ಬಾಲಕನು ಕೊಟ್ಟ ಉತ್ತರವನ್ನು ಹಿರಿಯರು ಒಪ್ಪಲು ಮೂವತ್ತು ವರ್ಷಗಳು ಬೇಕಾದವು. ನಿಮ್ಮ ತರಗತಿಯ ಗೆಳೆಯನು ಅಷ್ಟು ಕಾಲ ಕಾಯುವಂತಾಗದಿರಲಿ.