ಒರಟು ರಸ್ತೆಯ ಕ್ಯಾರವಾನ್‌ಗೆ ಸಸ್ಪೆನ್ಷನ್ ಆಯ್ಕೆ: ತಯಾರಕರು ಗಮನಿಸಬೇಕಾದ ಅಂಶಗಳು

ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಸಂಚಾರಿ ಮನೆಯೇ ಕ್ಯಾರವಾನ್. ನಮ್ಮ ದೇಶದಲ್ಲಿ ಇದು ಇನ್ನೂ ವಿರಳ. ಆದರೆ ಆಸ್ಟ್ರೇಲಿಯಾದಲ್ಲಿ ಇದರ ತಯಾರಿಕೆ ಒಂದು ಪ್ರಮುಖ ಉದ್ಯಮವಾಗಿ ಬೆಳೆದಿದೆ. ಮೆಲ್ಬರ್ನ್ ನಗರದ ಉತ್ತರ ಭಾಗದ ಕ್ಯಾಂಪ್‌ಬೆಲ್‌ಫೀಲ್ಡ್ ಪ್ರದೇಶವು ಕ್ಯಾರವಾನ್ ಕಾರ್ಖಾನೆಗಳಿಗೆ ಹೆಸರಾಗಿದೆ. ಡಾಂಬರು ಕಾಣದ ಒಳನಾಡಿನ ರಸ್ತೆಗಳಿಗೆಂದೇ ನಿರ್ಮಿಸುವ ‘ಆಫ್-ರೋಡ್’ ಕ್ಯಾರವಾನ್‌ಗಳು ಈ ಉದ್ಯಮದ ವಿಶಿಷ್ಟ ಶಾಖೆಯಾಗಿವೆ. ಇವುಗಳಿಗೆ ಬೇಕಾಗುವ ಆಕ್ಸಲ್, ಸ್ಪ್ರಿಂಗ್, ಹಬ್, ಬುಶ್, ಶ್ಯಾಕಲ್ ಮುಂತಾದವು ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಿಗೂ ಪೀಣ್ಯದ ಯಂತ್ರಾಗಾರಗಳಿಗೂ ಅಪರಿಚಿತವಲ್ಲದ ಬಗೆಯ ಸಾಮಗ್ರಿಗಳು. ಆದ್ದರಿಂದ ಈ ವಾಹನದ ಸಸ್ಪೆನ್ಷನ್ ಅನ್ನು ಯಾವ ತತ್ತ್ವದ ಮೇಲೆ ಆರಿಸಲಾಗುತ್ತದೆ ಎಂಬುದನ್ನು ಅರಿಯುವುದು ನಮ್ಮ ಸಣ್ಣ ಉದ್ಯಮಿಗಳಿಗೆ ಉಪಯುಕ್ತವೆನಿಸುತ್ತದೆ.

ರಸ್ತೆಯ ಸ್ವಭಾವ

ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರೋಡ್ ಸುಮಾರು 660 ಕಿ.ಮೀ. ಉದ್ದವಿದೆ. ದಕ್ಷಿಣ ಆಸ್ಟ್ರೇಲಿಯಾದಿಂದ ಕ್ವೀನ್ಸ್‌ಲ್ಯಾಂಡ್ ಕಡೆಗೆ ಸಾಗುವ ಬರ್ಡ್ಸ್‌ವಿಲ್ ಟ್ರ್ಯಾಕ್ 500 ಕಿ.ಮೀ.ಗೂ ಅಧಿಕ. ಇಂತಹ ಮಾರ್ಗಗಳಲ್ಲಿ ಗುಂಡಿ, ಕಲ್ಲುಗಳಿಗಿಂತ ಹೆಚ್ಚಿನ ಹಾನಿ ಮಾಡುವುದು ರಸ್ತೆಗೆ ಅಡ್ಡಲಾಗಿ, ಚಾವಣಿಯ ತಗಡಿನ ಮಡಿಕೆಗಳಂತೆ ಒಂದೇ ಸಮನೆ ಮೂಡುವ ಏರಿಳಿತಗಳು. ಇವು ಚಕ್ರಗಳ ಓಡಾಟದಿಂದಲೇ ಹುಟ್ಟುತ್ತವೆ. ಕೀತ್ ಮೇಥರ್ ಅವರು 1963ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದರ ಕಾರಣವನ್ನು ವಿವರಿಸಿದ್ದರು. ಒಂದು ಮಿತಿಯ ವೇಗವನ್ನು ದಾಟಿದ ಚಕ್ರವು ಸಡಿಲ ಮಣ್ಣಿನ ಮೇಲೆ ತಾನಾಗಿಯೇ ಈ ಅಲೆಗಳನ್ನು ಎಬ್ಬಿಸುತ್ತದೆ ಎಂಬುದು 2007ರಲ್ಲಿ ಪ್ರಕಟವಾದ ಟಾಬರ್ಲೆ, ಮಾರಿಸ್ ಮತ್ತು ಮೆಕ್‌ಎಲ್ವೇನ್ ಅವರ ಪ್ರಯೋಗಗಳಿಂದಲೂ ದೃಢಪಟ್ಟಿತು.

ಅಲೆಯಿಂದ ಅಲೆಗೆ 75 ಸೆಂ.ಮೀ. ಅಂತರವೆಂದು ಇಟ್ಟುಕೊಂಡರೆ ಒಂದು ಕಿಲೋಮೀಟರಿಗೆ ಸುಮಾರು 1,330 ಹೊಡೆತಗಳು ಚಕ್ರಕ್ಕೆ ಬೀಳುತ್ತವೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದು ಸೆಕೆಂಡಿಗೆ ಸುಮಾರು 15, 80 ಕಿ.ಮೀ. ವೇಗದಲ್ಲಿ ಸುಮಾರು 30. ಆಕ್ಸಲ್ ಮತ್ತು ಚಕ್ರಗಳು ಟೈರಿನ ಮೇಲೆ ತಾವಾಗಿಯೇ ಕುಪ್ಪಳಿಸುವ ಸಹಜ ಕಂಪನವು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ಆಸುಪಾಸಿನಲ್ಲಿರುತ್ತದೆ. ರಸ್ತೆಯ ಹೊಡೆತವೂ ಚಕ್ರದ ಕಂಪನವೂ ಒಂದೇ ತಾಳಕ್ಕೆ ಬಂದಾಗ ಚಕ್ರವು ನೆಲವನ್ನೇ ಬಿಟ್ಟು ಹಾರತೊಡಗುತ್ತದೆ. ಬ್ರೇಕ್ ಹಿಡಿತ ತಪ್ಪುತ್ತದೆ, ರಿವೆಟ್‌ಗಳು ಸಡಿಲಗೊಳ್ಳುತ್ತವೆ, ಬೆಸುಗೆಗಳು ಬಿರಿಯುತ್ತವೆ. ಸಸ್ಪೆನ್ಷನ್ ಆಯ್ಕೆಯ ಮುಖ್ಯ ಪ್ರಶ್ನೆ ಇರುವುದು ಇಲ್ಲಿಯೇ.

ಮೊದಲು ತೂಕದ ಲೆಕ್ಕ

ಕ್ಯಾರವಾನ್ ತನ್ನ ಪೂರ್ಣ ಸಾಮಾನು, ನೀರು, ಅನಿಲಗಳೊಡನೆ ಹೊಂದಬಹುದಾದ ಗರಿಷ್ಠ ತೂಕವನ್ನು ಅಲ್ಲಿನ ಪರಿಭಾಷೆಯಲ್ಲಿ ಎ.ಟಿ.ಎಂ. ಎನ್ನುತ್ತಾರೆ. ಅದರಲ್ಲಿ ಒಂದು ಭಾಗವು ಎಳೆಯುವ ವಾಹನದ ಕೊಕ್ಕೆಯ ಮೇಲೆ ಬೀಳುತ್ತದೆ. ಉಳಿದು ಚಕ್ರಗಳ ಮೇಲೆ ನಿಲ್ಲುವ ತೂಕವೇ ಜಿ.ಟಿ.ಎಂ. ಸ್ಪ್ರಿಂಗ್‌ನ ಲೆಕ್ಕಕ್ಕೆ ಬೇಕಾದುದು ಈ ಎರಡನೆಯದು. ಉದಾಹರಣೆಗೆ ಎ.ಟಿ.ಎಂ. 2,500 ಕಿ.ಗ್ರಾಂ. ಇದ್ದು, ಶೇ. 10ರಷ್ಟು ಕೊಕ್ಕೆಯ ಮೇಲಿದ್ದರೆ ಚಕ್ರಗಳ ಮೇಲೆ 2,250 ಕಿ.ಗ್ರಾಂ. ಉಳಿಯುತ್ತದೆ. ಎರಡು ಆಕ್ಸಲ್‌ಗಳಿದ್ದರೆ ಪ್ರತಿ ಚಕ್ರಕ್ಕೆ ಸುಮಾರು 560 ಕಿ.ಗ್ರಾಂ. ಇದರಲ್ಲಿ ಚಕ್ರ, ಹಬ್, ಆಕ್ಸಲ್‌ಗಳ ಪಾಲನ್ನು ಕಳೆದು ಉಳಿಯುವುದನ್ನು ಮಾತ್ರ ಸ್ಪ್ರಿಂಗ್ ಹೊರಬೇಕು.

‘ಹೆಚ್ಚು ಭಾರ ತಾಳುವ ಸ್ಪ್ರಿಂಗ್ ಹಾಕಿದರೆ ನಷ್ಟವೇನು?’ ಎಂಬ ಪ್ರಶ್ನೆ ಸಹಜ. ನಷ್ಟ ಖಂಡಿತ ಇದೆ. ಪೂರ್ಣ ಭಾರದಲ್ಲಿ 80 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಮೇಲಿನ ಮನೆಯನ್ನು ಸೆಕೆಂಡಿಗೆ ಸುಮಾರು 1.8 ಬಾರಿ ನಿಧಾನವಾಗಿ ತೂಗುತ್ತದೆ. 3,500 ಕಿ.ಗ್ರಾಂ.ಗೆ ಇದೇ ಅಳತೆಯಲ್ಲಿ ರೂಪಿಸಿದ ಸ್ಪ್ರಿಂಗನ್ನು 2,250 ಕಿ.ಗ್ರಾಂ. ಗಾಡಿಗೆ ಜೋಡಿಸಿದರೆ ಅದು ಸುಮಾರು 50 ಮಿ.ಮೀ. ಮಾತ್ರ ಕುಗ್ಗುತ್ತದೆ, ಅಂದರೆ ಅದೇ ಉಬ್ಬಿಗೆ ಚೌಕಟ್ಟಿನ ಮೇಲೆ ಒಂದೂವರೆ ಪಟ್ಟು ಬಲ ಬೀಳುತ್ತದೆ. ಸ್ಪ್ರಿಂಗ್ ಮುರಿಯದೆ ಉಳಿದೀತು, ಆದರೆ ಮನೆಯ ಗೋಡೆ, ಕಪಾಟು, ಶೀತಕಪಾಟುಗಳು ಉಳಿಯಲಾರವು.

ಬಳಕೆಯಲ್ಲಿರುವ ನಾಲ್ಕು ಬಗೆಗಳು

1. ಲೀಫ್ ಸ್ಪ್ರಿಂಗ್: ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಡ್ಡ ಆಕ್ಸಲ್‌ಗೆ ಬಿಗಿಯುವ ಹಳೆಯ ವಿಧಾನ. ಬೆಲೆ ಕಡಿಮೆ, ರಿಪೇರಿ ಸುಲಭ. ಪಟ್ಟಿಗಳ ನಡುವಿನ ಘರ್ಷಣೆಯೇ ಕಂಪನವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಎರಡು ಆಕ್ಸಲ್‌ಗಳ ನಡುವೆ ತೂಗುಪಟ್ಟಿಯನ್ನು ಇರಿಸಿದರೆ ಒಂದು ಚಕ್ರ ಉಬ್ಬನ್ನೇರಿದಾಗ ಭಾರವು ಇನ್ನೊಂದಕ್ಕೆ ಹಂಚಿಹೋಗುತ್ತದೆ. ಆದರೆ ಆಕ್ಸಲ್‌ನ ಪೂರ್ಣ ತೂಕ ಸ್ಪ್ರಿಂಗ್‌ನ ಕೆಳಗಿರುವುದರಿಂದ ಚಕ್ರದ ಕುಪ್ಪಳಿಕೆ ಅಧಿಕ. ಗಾಲಿಜಾಡಿನ ನಡುವಣ ದಿಬ್ಬಕ್ಕೆ ಆಕ್ಸಲ್ ತಗಲುವ ಭಯವೂ ಇದೆ.

2. ರಬ್ಬರ್ ಟಾರ್ಷನ್: ಕೊಳವೆಯೊಳಗಿನ ರಬ್ಬರನ್ನು ತಿರುಚಿ ಬಲ ಪಡೆಯುವ ವಿಧಾನ. ಸವೆಯುವ ಭಾಗಗಳು ಕಡಿಮೆ, ಜೋಡಣೆ ಸರಳ. ಆದರೆ ಚಕ್ರದ ಏರಿಳಿತದ ವ್ಯಾಪ್ತಿ ಕಿರಿದು, ಎರಡು ಆಕ್ಸಲ್‌ಗಳ ನಡುವೆ ಭಾರ ಹಂಚಿಕೆಯಿಲ್ಲ, ದಾರಿಯಲ್ಲಿ ಕೆಟ್ಟರೆ ಅಲ್ಲೇ ಸರಿಪಡಿಸಲಾಗದು. ಸಮತಟ್ಟಾದ ರಸ್ತೆಯ ಹಗುರ ಗಾಡಿಗೆ ಇದು ಹೆಚ್ಚು ಸೂಕ್ತ.

3. ಕಾಯಿಲ್ ಸ್ಪ್ರಿಂಗ್‌ನ ಸ್ವತಂತ್ರ ಸಸ್ಪೆನ್ಷನ್: ಪ್ರತಿ ಚಕ್ರಕ್ಕೂ ಪ್ರತ್ಯೇಕ ಬಾಹು. ನಡುವೆ ಆಕ್ಸಲ್ ಇಲ್ಲದ ಕಾರಣ ತಳದ ಎತ್ತರ ಹೆಚ್ಚು, ಚಕ್ರದ ಏರಿಳಿತವೂ ಹೆಚ್ಚು. ಆದರೆ ಬಾಹುವಿನ ಬುಶ್ ಸವೆದಾಗ ಚಕ್ರದ ಓರೆ ತಪ್ಪಿ ಟೈರ್ ಬೇಗನೆ ಕ್ಷಯಿಸುತ್ತದೆ. ಬಾಹು ಬಂದು ಸೇರುವ ಜಾಗದಲ್ಲಿ ಚಾಸಿಸ್‌ಗೆ ಹೆಚ್ಚಿನ ಬಲವರ್ಧನೆ ಬೇಕು. ಜೋಡಿ ಚಕ್ರಗಳಲ್ಲಿ ಭಾರ ಸಹಜವಾಗಿ ಹಂಚಿಹೋಗದ ಕಾರಣ, ಗಾಡಿ ಸಮತಲದಲ್ಲಿ ನಿಲ್ಲುವಂತೆ ಕೊಕ್ಕೆಯ ಎತ್ತರವನ್ನು ಹೊಂದಿಸುವುದು ಅತ್ಯಗತ್ಯ.

4. ಗಾಳಿಚೀಲದ ಸಸ್ಪೆನ್ಷನ್: ಕಾಯಿಲ್‌ಗೆ ಬದಲು ಗಾಳಿಚೀಲ. ಭಾರಕ್ಕೆ ತಕ್ಕಂತೆ ಒತ್ತಡವನ್ನೂ ಎತ್ತರವನ್ನೂ ಬದಲಿಸಬಹುದು; ತಂಗುದಾಣದಲ್ಲಿ ಗಾಡಿಯನ್ನು ಸಮತಲಕ್ಕೆ ತರಬಹುದು. ಜೊತೆಗೆ ಕಂಪ್ರೆಸರ್, ಕವಾಟ, ಕೊಳವೆಗಳ ನಿರ್ವಹಣೆಯೂ ಬರುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ಇದೇ ದುಬಾರಿ.

ಶಾಕ್ ಅಬ್ಸಾರ್ಬರ್ ಮತ್ತು ಟೈರ್

ಸ್ಪ್ರಿಂಗ್ ಹೊಡೆತವನ್ನು ಸಂಗ್ರಹಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಆ ಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸಿ ಹೊರಹಾಕುವ ಕೆಲಸ ಶಾಕ್ ಅಬ್ಸಾರ್ಬರ್‌ನದು. ಗಂಟೆಗಟ್ಟಲೆ ಹೊಡೆತ ಬೀಳುವ ದಾರಿಯಲ್ಲಿ ಅದರ ಎಣ್ಣೆ ಕಾದು ನೊರೆಗಟ್ಟಿ ನಿಷ್ಪ್ರಯೋಜಕವಾಗಬಹುದು. ಕೆಲವೊಮ್ಮೆ ಹಿಡಿಕೆಯೇ ಮುರಿದು ಬೀಳಬಹುದು. ಆದ್ದರಿಂದ ಎಣ್ಣೆಯ ಪ್ರಮಾಣ ಹೆಚ್ಚಿರುವ, ಅನಿಲ ತುಂಬಿದ, ಗಾಳಿ ತಗಲುವಂತೆ ಜೋಡಿಸಿದ ಶಾಕ್‌ಗಳು ಮೇಲು. ಲೀಫ್ ಸ್ಪ್ರಿಂಗ್‌ಗೂ ಒರಟು ರಸ್ತೆಯಲ್ಲಿ ಶಾಕ್ ಬೇಕು ಎಂಬುದನ್ನು ಮರೆಯಬಾರದು. ಟೈರ್ ಕೂಡ ಒಂದು ಸ್ಪ್ರಿಂಗ್ ಆಗಿರುವುದರಿಂದ ಮಣ್ಣಿನ ರಸ್ತೆಯಲ್ಲಿ ಅದರ ಒತ್ತಡವನ್ನು ತಗ್ಗಿಸಿ ನಿಧಾನವಾಗಿ ಸಾಗುವುದು ಅಲ್ಲಿನ ಅನುಭವಿಗಳ ರೂಢಿ.

ತಯಾರಿಕೆಯ ಸೂಕ್ಷ್ಮಗಳು

ಲೀಫ್ ಸ್ಪ್ರಿಂಗ್‌ನ ಬಿಗುವು ಪಟ್ಟಿಯ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, ಉದ್ದದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ದಪ್ಪ ಶೇ. 10 ಹೆಚ್ಚಿದರೆ ಬಿಗುವು ಶೇ. 33 ಹೆಚ್ಚುತ್ತದೆ, ಉದ್ದ ಶೇ. 10 ಹೆಚ್ಚಿದರೆ ಬಿಗುವು ಸುಮಾರು ಶೇ. 25 ಕುಸಿಯುತ್ತದೆ. ಆದಕಾರಣ ಕಚ್ಚಾ ಪಟ್ಟಿಯ ದಪ್ಪದಲ್ಲಿನ ಅಲ್ಪ ವ್ಯತ್ಯಾಸವನ್ನೂ ಅಲಕ್ಷಿಸುವಂತಿಲ್ಲ. ಸ್ಪ್ರಿಂಗ್ ಉಕ್ಕಿಗೆ ನಮ್ಮಲ್ಲಿ ಐ.ಎಸ್. 3431 ಮಾನದಂಡವಿದೆ. ಕುಲುಮೆಯಲ್ಲಿ ಪಟ್ಟಿಯ ಮೇಲ್ಮೈಯ ಇಂಗಾಲ ಸುಟ್ಟುಹೋದರೆ ದಣಿವಿನ ಬಾಳಿಕೆ ತೀವ್ರವಾಗಿ ಕುಗ್ಗುತ್ತದೆ. ಎಳೆತಕ್ಕೆ ಒಳಗಾಗುವ ಮೇಲ್ಮೈಗೆ ಶಾಟ್ ಪೀನಿಂಗ್ ಮಾಡುವುದರಿಂದ ಬಾಳಿಕೆ ವೃದ್ಧಿಸುತ್ತದೆ. ಕಿಲೋಮೀಟರಿಗೆ ಸಾವಿರಕ್ಕೂ ಮಿಕ್ಕಿ ಹೊಡೆತ ತಿನ್ನುವ ವಸ್ತುವಿನಲ್ಲಿ ಒಂದು ಬಾರಿಯ ಬಲಪರೀಕ್ಷೆಗಿಂತ ಲಕ್ಷಾಂತರ ಆವರ್ತನಗಳ ದಣಿವಿನ ಪರೀಕ್ಷೆಯೇ ಅರ್ಥಪೂರ್ಣ.

ಕಾನೂನು ಮತ್ತು ಮಾರುಕಟ್ಟೆ

ಆಸ್ಟ್ರೇಲಿಯಾದ ರಸ್ತೆ ವಾಹನ ಮಾನದಂಡ ಕಾಯ್ದೆ, 2018ರ ವ್ಯವಸ್ಥೆಯು 2021ರ ಜುಲೈ 1ರಿಂದ ಜಾರಿಗೆ ಬಂದಿದೆ. ಚಕ್ರಗಳ ಮೇಲಿನ ತೂಕ 750 ಕಿ.ಗ್ರಾಂ. ಮೀರಿದರೆ ಟ್ರೇಲರ್‌ಗೆ ಬ್ರೇಕ್ ಅಗತ್ಯ, 2,000 ಕಿ.ಗ್ರಾಂ. ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕಲ್ಲದೆ, ಕೊಂಡಿ ಕಳಚಿದಾಗ ತಾನಾಗಿ ಬ್ರೇಕ್ ಹಿಡಿಯುವ ಏರ್ಪಾಡೂ ಬೇಕು. ಹೀಗಾಗಿ ಆಕ್ಸಲ್ ಅಥವಾ ಬಾಹುವನ್ನು ರೂಪಿಸುವಾಗಲೇ ಬ್ರೇಕ್ ಜೋಡಣೆಗೆ ಸ್ಥಳವಿರಿಸಬೇಕಾಗುತ್ತದೆ. ಭಾರತ ಮತ್ತು ಆಸ್ಟ್ರೇಲಿಯಾಗಳ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದವು 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಅದರ ಸುಂಕ ಸೌಲಭ್ಯ ಪಡೆಯಲು ಮೂಲ ಪ್ರಮಾಣಪತ್ರ ಒದಗಿಸಬೇಕು.

ಬೇಡಿಕೆ ಬಂದಾಗ ಬೆಲೆ ತಿಳಿಸುವ ಮುನ್ನ ಗ್ರಾಹಕನಿಂದ ಈ ವಿವರಗಳನ್ನು ಲಿಖಿತವಾಗಿ ಪಡೆಯುವುದು ಉಚಿತ:

- ಖಾಲಿ ಮತ್ತು ಪೂರ್ಣ ತೂಕ, ಕೊಕ್ಕೆಯ ಮೇಲಿನ ಭಾರ
- ಆಕ್ಸಲ್‌ಗಳ ಸಂಖ್ಯೆ ಹಾಗೂ ಭಾರ ಹಂಚಿಕೆಯ ವಿಧಾನ
- ಚಕ್ರದ ಬೋಲ್ಟ್ ವಿನ್ಯಾಸ: ಆರು ಬೋಲ್ಟುಗಳ 139.7 ಮಿ.ಮೀ. ಅಥವಾ ಐದು ಬೋಲ್ಟುಗಳ 150 ಮಿ.ಮೀ. ವೃತ್ತ. ಎಳೆಯುವ ವಾಹನದ ಚಕ್ರವೇ ಕ್ಯಾರವಾನ್‌ಗೂ ಹೊಂದಿದರೆ ಹೆಚ್ಚುವರಿ ಚಕ್ರದ ಹೊರೆ ತಪ್ಪುತ್ತದೆ
- ಬೇರಿಂಗ್‌ನ ಗಾತ್ರ, ಬ್ರೇಕ್‌ನ ಬಗೆ
- ಗಾಡಿ ವರ್ಷದಲ್ಲಿ ಮಣ್ಣಿನ ರಸ್ತೆಯ ಮೇಲೆ ಕ್ರಮಿಸುವ ಅಂದಾಜು ದೂರ

ವರ್ಷದ ಬಹುಭಾಗ ಡಾಂಬರು ರಸ್ತೆಯಲ್ಲಿ ಓಡುವ ಗಾಡಿಗೆ ಸುಸಜ್ಜಿತ ಲೀಫ್ ಸ್ಪ್ರಿಂಗ್ ಮತ್ತು ಉತ್ತಮ ಶಾಕ್‌ಗಳು ಸಾಕು. ನಿಯಮಿತವಾಗಿ ಒಳನಾಡಿಗೆ ಹೋಗುವವರಿಗೆ ಸ್ವತಂತ್ರ ಕಾಯಿಲ್ ಯೋಗ್ಯ. ಸಾಮಾನಿನ ತೂಕ ಪದೇ ಪದೇ ಬದಲಾಗುವವರಿಗೆ, ನಿರ್ವಹಣೆಗೆ ಸಿದ್ಧರಿರುವವರಿಗೆ ಮಾತ್ರ ಗಾಳಿಚೀಲ. ಯಾವುದೇ ಆದರೂ ಅತಿ ಸಮೀಪದ ವರ್ಕ್‌ಶಾಪ್ 300 ಕಿ.ಮೀ. ದೂರವಿರುವ ಸ್ಥಳದಲ್ಲಿ ಒಂದು ಬುಶ್ ಅಥವಾ ಬೇರಿಂಗ್ ಸೋತರೆ ಇಡೀ ಕುಟುಂಬ ರಸ್ತೆಯ ಮೇಲೆ ನಿಲ್ಲಬೇಕಾಗುತ್ತದೆ. ಸ್ಪರ್ಧಾತ್ಮಕ ಬೆಲೆಯಷ್ಟೇ ಅಲ್ಲದೆ, ಸುಲಭವಾಗಿ ಬದಲಿಸಬಹುದಾದ ಬಿಡಿಭಾಗ, ಸ್ಪಷ್ಟ ಭಾರಮಿತಿಯ ಗುರುತು ಮತ್ತು ಪರೀಕ್ಷಾ ವರದಿಗಳನ್ನು ಒದಗಿಸುವ ತಯಾರಕನಿಗೆ ಈ ಮಾರುಕಟ್ಟೆಯಲ್ಲಿ ಮರುಬೇಡಿಕೆ ದೊರೆಯುತ್ತದೆ.