ಹಳೆಯ ಆಟಕ್ಕೆ ಹೊಸ ಕೈಗಳು

ಆಟವೊಂದು ಹುಟ್ಟುವುದು ಅದನ್ನು ನಿರ್ಮಿಸಿದವರ ಕೈಯಿಂದ. ಬಾಳುವುದು ಅದನ್ನು ಆಡುವವರ ಕೈಯಿಂದ. ನಿರ್ಮಿಸಿದವರು ಹೊಸ ಸರಕಿನ ಮಾರಾಟಕ್ಕೆ ತೊಡಗಿ ಹಳೆಯದನ್ನು ಬದಿಗಿರಿಸಿದ ಮೇಲೆಯೂ ಆ ಹಳೆಯ ಆಟ ಕಾಲು ಶತಮಾನದವರೆಗೆ ಜನರನ್ನು ಒಂದೆಡೆ ಕೂಡಿಸುತ್ತ ಬಂದಿತೆಂದರೆ, ಅದರ ಹಿಂದೆ ಯಾರ ದುಡಿಮೆಯಿದೆಯೆಂದು ವಿಚಾರಿಸುವುದು ಉಚಿತವಾಗಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯು 1999ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಎಂಬ ಕಾಳಗದ ವಿಡಿಯೋ ಆಟದ ಕಥೆ ಇಂತಹುದು.

ಇದು ನಮಗೇಕೆ ಎಂದು ವಾಚಕರು ಕೇಳಬಹುದು. ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಬಳಿಕ ನಮ್ಮ ಹುಡುಗರು ಮೊಬೈಲು ಹಿಡಿದು ಏನನ್ನಾದರೂ ಆಡುವುದನ್ನು ಕಾಣದ ಧಣಿಗಳಿಲ್ಲ. ಹಣವಿಟ್ಟು ಆಡುವ ಆಟಗಳಲ್ಲಿ ತಿಂಗಳ ಸಂಬಳ ಕಳೆದುಕೊಂಡವರನ್ನೂ ನಾವು ಬಲ್ಲೆವು. ಭಾರತದ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂತಹ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಮಾಡಿ, ಕೌಶಲದ ಸ್ಪರ್ಧೆಯಾದ ಇ-ಸ್ಪೋರ್ಟ್ಸ್‌ಗೆ ಬೇರೆಯೇ ಸ್ಥಾನವನ್ನು ಕೊಟ್ಟಿದೆ. ನಾವು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಬಗೆಯ ಆಟವನ್ನು.

ಆಟದ ಮರ್ಮ

ತೆರೆಯ ಮೇಲೆ ಇಬ್ಬರು ಜಟ್ಟಿಗಳು ಎದುರುಬದುರಾಗಿ ನಿಲ್ಲುವರು. ಆಡುವವನ ಎಡಗೈಗೆ ಒಂದು ಹಿಡಿ, ಬಲಗೈಗೆ ಆರು ಗುಂಡಿಗಳು. ಶತ್ರುವಿನ ಪೆಟ್ಟು ಬರುವಾಗ ಹಿಡಿಯನ್ನು ಹಿಂದಕ್ಕೆಳೆದು ತಡೆಯುವುದು ಇಂತಹ ಆಟಗಳ ಸಾಮಾನ್ಯ ಪದ್ಧತಿ. ‘ಥರ್ಡ್ ಸ್ಟ್ರೈಕ್’ನಲ್ಲಿಯಾದರೋ ‘ಪ್ಯಾರಿ’ ಎಂಬ ಇನ್ನೊಂದು ವಿದ್ಯೆಯುಂಟು. ಪೆಟ್ಟು ತಾಗುವ ಹೊತ್ತಿಗೆ ಸರಿಯಾಗಿ ಹಿಡಿಯನ್ನು ಶತ್ರುವಿನ ಕಡೆಗೇ ಒತ್ತಬೇಕು. ಹಾಗೆ ಒತ್ತಿದರೆ ಪೆಟ್ಟು ನಿಷ್ಫಲವಾಗುವುದಲ್ಲದೆ ತಿರುಗಿ ಹೊಡೆಯಲು ಅವಕಾಶವೂ ದೊರೆಯುವುದು. ಅದಕ್ಕಿರುವ ವೇಳೆ ಹೆಚ್ಚೆಂದರೆ ಸೆಕೆಂಡಿನ ಆರನೆಯ ಒಂದು ಪಾಲಿನಷ್ಟು. ತಪ್ಪಿದರೆ ಪೆಟ್ಟು ಪೂರ್ತಿಯಾಗಿ ಬೀಳುವುದು. ಅಂಜಿ ಹಿಂದೆಗೆಯುವುದಕ್ಕಿಂತ ಅಳೆದು ಮುಂದೊತ್ತುವುದಕ್ಕೆ ಹೆಚ್ಚಿನ ಫಲ ಕೊಡುವ ಈ ಮರ್ಮಕ್ಕೆ ಒಮ್ಮೆ ಮನಸೋತವರು ಸುಲಭವಾಗಿ ಬಿಟ್ಟುಹೋಗಲಿಲ್ಲ.

ಈ ವಿದ್ಯೆಯನ್ನು ಲೋಕಕ್ಕೆ ಕಾಣಿಸಿದುದು 2004ರ ಒಂದು ಪಂದ್ಯ. ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಪೊಮೋನಾ ಊರಿನ ವಿಶ್ವವಿದ್ಯಾಲಯದಲ್ಲಿ ನಡೆದ ‘ಈವೋ’ ಕೂಟದಲ್ಲಿ ಜಪಾನಿನ ದೈಗೋ ಉಮೆಹಾರಾ, ಅಮೇರಿಕದ ಜಸ್ಟಿನ್ ವಾಂಗ್ ಇವರಿಬ್ಬರೂ ಎದುರಾದರು. ದೈಗೋನ ಜಟ್ಟಿಗೆ ಉಳಿದಿದ್ದ ಪ್ರಾಣ ಕೂದಲೆಳೆಯಷ್ಟು. ಜಸ್ಟಿನ್ ಒಂದರ ಮೇಲೊಂದರಂತೆ 15 ಪೆಟ್ಟುಗಳ ಒದೆತದ ಸುರಿಮಳೆಯನ್ನೇ ಬಿಟ್ಟನು; ಸಾಮಾನ್ಯ ರೀತಿಯಲ್ಲಿ ತಡೆದಿದ್ದರೂ ದೈಗೋನ ಜಟ್ಟಿ ಸಾಯುತ್ತಿತ್ತು. ದೈಗೋ ಹದಿನೈದನ್ನೂ ಪ್ಯಾರಿ ಮಾಡಿ, ಮರುಹೊಡೆತದಿಂದ ಆ ಸುತ್ತನ್ನು ಗೆದ್ದನು. ನೆರೆದಿದ್ದವರ ಕೂಗಿನೊಂದಿಗೆ ಆ ದೃಶ್ಯ ಅಂತರಜಾಲದಲ್ಲಿ ದೇಶದೇಶಗಳಿಗೆ ಹಬ್ಬಿತು. ಅಂದಿನ ಅಂತಿಮ ಪಂದ್ಯದಲ್ಲಿ ದೈಗೋನನ್ನು ಸೋಲಿಸಿ ಗೆದ್ದವನು ಕೆಂಜಿ ಒಬಾತಾ ಎಂಬ ಇನ್ನೊಬ್ಬ ಜಪಾನೀಯನೆಂಬುದು ಅನೇಕರಿಗೆ ತಿಳಿಯದು. ನೋಡುವವರು ಒಂದು ಕ್ಷಣವನ್ನು ಮಾತ್ರ ನೆನಪಿಡುವರು. ಕೇವಲ ನೋಡುವವರಿಂದ ಆಟ ಬದುಕಲಾರದು.

ಗಲ್ಲೆಯ ಲೆಕ್ಕ

ಈ ಆಟ ಮೊದಲು ನೆಲಸಿದುದು ನಾಣ್ಯ ಹಾಕಿ ಆಡುವ ಪಾರ್ಲರುಗಳಲ್ಲಿ. ಜಪಾನಿನಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಡುವುದು ವಾಡಿಕೆ. ಆಡುವ ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಗೆದ್ದವನು ಆಸನವನ್ನು ಬಿಡಬೇಕಾಗಿಲ್ಲ, ಸೋತವನು ಮತ್ತೆ 100 ಯೆನ್ ನಾಣ್ಯ ಹಾಕಬೇಕು. ಹೋಟೆಲು ನಡೆಸಿದ ನಮಗೆ ಇದರ ವ್ಯಾಪಾರ ಬೇಗನೆ ತಿಳಿಯಿತು. ಗಲ್ಲೆಯನ್ನು ತುಂಬುವವನು ಸೋಲುವವನು. ಮಹಾನಿಪುಣನೊಬ್ಬನು ಸಂಜೆಯೆಲ್ಲ ಗೆಲ್ಲುತ್ತ ಕುಳಿತರೆ ಅವನಿಂದ ಅಂಗಡಿಗೆ ಬರುವುದು ಒಂದೇ ನಾಣ್ಯ. ಒಂದು ಸಿಂಗಲ್ ಚಹಾ ಕುಡಿದು ಮೇಜು ಬಿಡದ ಗಿರಾಕಿಯಂತೆ ಅವನು. ಅವನಿಂದ ಹತ್ತು ಬಾರಿ ಸೋತ ಹೊಸಬನು ಹನ್ನೊಂದನೆಯ ಬಾರಿಗೆ ಬಾರದಿದ್ದರೆ ಯಂತ್ರ ಬರಿದೇ ನಿಲ್ಲುವುದು. ಆಗ ಮಾಲೀಕನು ಬಾಡಿಗೆಯ ಲೆಕ್ಕ ನೋಡಿ ಅದನ್ನು ಹೊರಸಾಗಿಸಿದರೆ ಅವನದು ತಪ್ಪೆನ್ನಲಾಗದು. ನಿಪುಣರ ಗೆಲುವೇ ಆಟದ ಸಾವಿಗೆ ಕಾರಣವಾಗುವುದು ಹೀಗೆ.

ಇದಕ್ಕೆ ಟೋಕಿಯೋ ನಗರದ ಓಯಾಮಾ ಪೇಟೆಯ ‘ಗೇಮ್ ನ್ಯೂಟನ್’ ಎಂಬ ಪಾರ್ಲರಿನ ಬಳಗವು ಕಂಡುಕೊಂಡ ದಾರಿ ಗಮನಾರ್ಹವಾದುದು. 2000ರ ದಶಕದ ಮೊದಲ ವರ್ಷಗಳಿಂದ ಅಲ್ಲಿ ಐವರೈವರ ತಂಡಗಳ ಪಂದ್ಯವು ನಡೆಯುತ್ತ ಬಂದಿತು. ಅದರ ಹೆಸರು ‘ಕೋಆಪರೇಷನ್ ಕಪ್’. ಸಹಕಾರ ಸಂಘಗಳನ್ನು ಕಂಡ ನಮ್ಮವರಿಗೆ ಈ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ಒಬ್ಬನೇ ಆಡುವ ಪಂದ್ಯದಲ್ಲಿ ಹೊಸಬನು ನಿಪುಣನಿಗೆ ಬಲಿ. ಐವರ ತಂಡದಲ್ಲಿಯಾದರೋ ಅವನು ನಿಪುಣನ ಸಂಗಾತಿ. ಐದನೆಯವನು ಬೇಕಾದರೆ ಅವನನ್ನು ಕರೆಯಬೇಕು, ಕಲಿಸಬೇಕು, ಸೋತಾಗ ಬೆನ್ನು ತಟ್ಟಬೇಕು.

ಯಂತ್ರ ಸತ್ತರೇನು ಗತಿ?

ಜನರಿದ್ದರೂ ಯಂತ್ರ ಉಳಿಯಬೇಕಷ್ಟೆ. ಈ ಆಟದ ಯಂತ್ರದಲ್ಲಿ ಕಳ್ಳನಕಲನ್ನು ತಡೆಯಲು ಕಂಪನಿಯು ಒಂದು ಉಪಾಯ ಮಾಡಿತ್ತು. ಆಟದ ಗುಪ್ತಲಿಪಿಯನ್ನು ಬಿಡಿಸುವ ಕೀಲಿಯನ್ನು ಒಂದು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿನಲ್ಲಿರಿಸಲಾಗಿತ್ತು. ಬ್ಯಾಟರಿ ಮುಗಿದರೆ ಕೀಲಿ ಅಳಿಯುವುದು, ಆಟ ಏಳುವುದೇ ಇಲ್ಲ. ಕಳ್ಳನಿಗೆಂದು ಹಾಕಿದ ಬೀಗ ಕಾಲಾಂತರದಲ್ಲಿ ಮನೆಯವರನ್ನೇ ಹೊರಗಿರಿಸುವಂತಾಯಿತು. ಹವ್ಯಾಸಿ ತಜ್ಞರು 2007ರಲ್ಲಿ ಆ ಲಿಪಿಯ ಗುಟ್ಟನ್ನು ಬಿಡಿಸಿದರು. ಅಂದಿನಿಂದ ಆಟದ ಆಯುಸ್ಸು ಬ್ಯಾಟರಿಯ ಹಂಗಿನಿಂದ ತಪ್ಪಿಸಿಕೊಂಡಿತು. ಆಟದ ಒಡೆತನವು ಕಂಪನಿಯದೆಂಬುದನ್ನು ಇಲ್ಲಿ ಮರೆಯಬಾರದು. ಕಂಪನಿಯು 2011ರಲ್ಲಿಯೂ 2018ರಲ್ಲಿಯೂ ಮನೆಯಲ್ಲಿ ಆಡಲು ತಕ್ಕ ಆವೃತ್ತಿಗಳನ್ನು ಮತ್ತೆ ಮಾರಾಟಕ್ಕೆ ತಂದಿತು. ಆಡುವವರು ಉಳಿದಿದ್ದುದರಿಂದಲೇ ಅವಕ್ಕೆ ಕೊಳ್ಳುವವರಿದ್ದರು.

ಇನ್ನು ಪಾರ್ಲರುಗಳು ಮುಚ್ಚಿದ ಊರುಗಳಲ್ಲಿ ಎದುರಾಳಿಯನ್ನು ತರುವುದೆಲ್ಲಿಂದ? ಅಂತರಜಾಲದ ಮೂಲಕ ಆಡಿದರೆ, ಗುಂಡಿ ಒತ್ತಿದ ಸುದ್ದಿ ದೂರದ ಊರಿಗೆ ಮುಟ್ಟುವಷ್ಟರಲ್ಲಿ ಪ್ಯಾರಿಯ ವೇಳೆ ಮೀರಿಹೋಗುತ್ತಿತ್ತು. ಈವೋ ಕೂಟದ ಸ್ಥಾಪಕರಲ್ಲಿ ಒಬ್ಬನಾದ ಟೋನಿ ಕ್ಯಾನನ್ 2006ರಲ್ಲಿ ‘ಜಿಜಿಪಿಒ’ ಎಂಬ ತಂತ್ರವನ್ನು ರಚಿಸಿ ಇದಕ್ಕೆ ಪರಿಹಾರ ಕೊಟ್ಟನು. ಅದರ ಬಗೆಯನ್ನು ನಮ್ಮ ಸಪ್ಲಾಯರ್ ಬಂಧುಗಳು ಚೆನ್ನಾಗಿ ಬಲ್ಲರು. ದಿನವೂ ಬರುವ ಗಿರಾಕಿ ಕುಳಿತೊಡನೆ, ಅವನು ಬಾಯಿ ತೆರೆಯುವ ಮುನ್ನವೇ “ಒಂದು ಇಡ್ಲಿ, ಒಂದು ಕಾಫಿ” ಎಂದು ಒಳಗೆ ಕೂಗುವುದುಂಟಷ್ಟೆ. ಊಹೆ ಸರಿಯಾದರೆ ತಡವೇ ಇಲ್ಲ. ಅವನು ದೋಸೆ ಕೇಳಿದರೆ ತಟ್ಟನೆ ತಿದ್ದಿ ಕೂಗುವುದು. ಈ ತಂತ್ರವೂ ಎದುರಾಳಿಯ ಮುಂದಿನ ಚಲನೆಯನ್ನು ಊಹಿಸಿ ಆಟವನ್ನು ನಡೆಸುತ್ತದೆ. ಊಹೆ ತಪ್ಪಿದರೆ ಕಣ್ಣಿಗೆ ಹೊಳೆಯದಷ್ಟು ಬೇಗನೆ ಹಿಂದಕ್ಕೆ ಹೋಗಿ ತಿದ್ದಿಕೊಂಡು ಬರುತ್ತದೆ. 2011ರ ಆವೃತ್ತಿಯಲ್ಲಿ ಕ್ಯಾಪ್‌ಕಾಮ್ ಇದನ್ನೇ ಬಳಸಿತು. 2019ರಲ್ಲಿ ಇದನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಡುಗಡೆ ಮಾಡಲಾಯಿತು. ‘ಫೈಟ್‌ಕೇಡ್’ ಎಂಬ ವ್ಯವಸ್ಥೆಯ ಮೂಲಕ ಆಟಗಾರರು ಊರಿನಲ್ಲಿ ಪಾರ್ಲರಿಲ್ಲದಿದ್ದರೂ ಜೊತೆಗಾರರನ್ನು ಹುಡುಕಿಕೊಳ್ಳುವಂತಾಯಿತು.

ಮನೆಯ ಹೊಣೆ

ಯಂತ್ರವೂ ತಂತ್ರವೂ ಒದಗಿದ ಮೇಲೆ ಉಳಿಯುವ ಪ್ರಶ್ನೆ ನಡತೆಯದು. ಹಳೆಯ ಆಟದ ಬಾಗಿಲಿಗೆ ಬರುವ ಹೊಸಬನು ಇಪ್ಪತ್ತು ವರ್ಷ ಪಳಗಿದವರ ನಡುವೆ ಬೀಳುತ್ತಾನೆ. ಚುನ್-ಲೀ, ಯುನ್, ಕೆನ್ ಎಂಬ ಜಟ್ಟಿಗಳು ಉಳಿದವರಿಗಿಂತ ಬಲಿಷ್ಠರೆಂದು ಹಳಬರೆಲ್ಲರೂ ಬಲ್ಲರು. ಇಂದಿನ ಆಟಗಳಂತೆ ಇದನ್ನು ಆಗಾಗ ತಿದ್ದಿ ಸಮತೂಗಿಸುವವರಿಲ್ಲ. ಆದುದರಿಂದ ಹೊಸಬನಿಗೆ ಮೊದಲ ತಿಂಗಳುಗಳಲ್ಲಿ ಸೋಲೇ ಗತಿ. ಸೋತವನಿಗೆ “ಇಲ್ಲಿ ಹೀಗೆ ಮಾಡು” ಎಂದು ಹೇಳುವ ಒಂದು ಮಾತು, ಅವನ ಸಮಕ್ಕೆ ಸಮವಾದ ಇನ್ನೊಬ್ಬ ಹೊಸಬನ ಜೊತೆ, ವಾರಕ್ಕೊಮ್ಮೆ ತಪ್ಪದೆ ನಡೆಯುವ ಒಂದು ಸಣ್ಣ ಪಂದ್ಯ, ಇಷ್ಟು ಒದಗಿದರೆ ಅವನು ನಿಲ್ಲುವನು. ಒದಗದಿದ್ದರೆ ಹೋಗುವನು, ಅವನು ಹೋದುದು ಯಾರಿಗೂ ತಿಳಿಯುವುದೂ ಇಲ್ಲ.

ಇದಕ್ಕಿಂತ ದೊಡ್ಡ ಹೊಣೆಯೊಂದುಂಟು. ಇಂತಹ ಕೂಟಗಳಿಗೆ ಬರುವವರಲ್ಲಿ ಎಳೆಯರು ಬಹಳ. 2020ರ ಜುಲೈ ತಿಂಗಳಲ್ಲಿ ಈವೋ ಸಂಸ್ಥೆಯ ಮುಖ್ಯಸ್ಥನ ಮೇಲೆ, ಹಿಂದೆ ಎಳೆಯ ಹುಡುಗರೊಂದಿಗೆ ಅನುಚಿತವಾಗಿ ವರ್ತಿಸಿದನೆಂಬ ಆಪಾದನೆ ಬಂದು, ಆ ವರ್ಷದ ಕೂಟವೇ ರದ್ದಾಯಿತು. ಕೊರೋನಾ ರೋಗದ ದೆಸೆಯಿಂದ ಅದಾಗಲೇ ಎದುರುಬದುರು ಪಂದ್ಯಗಳು ನಿಂತಿದ್ದುವು. ರೋಗದಿಂದ ಮುಚ್ಚಿದ ಬಾಗಿಲು ರೋಗ ಹೋದ ಮೇಲೆ ತೆರೆದೀತು; ನಂಬಿಕೆ ಕೆಟ್ಟು ಮುಚ್ಚಿದ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ಹೋಟೆಲಿನಲ್ಲಿ ಊರಿನಿಂದ ಬಂದ ಎಳೆಯ ಹುಡುಗನು ಧಣಿಯ ಹೊಣೆಯಾಗಿರುವಂತೆ, ಕೂಟಕ್ಕೆ ಬಂದ ಎಳೆಯನು ಕೂಟದ ಹಿರಿಯರ ಹೊಣೆ. ನಿಪುಣನೆಂಬ ಕಾರಣದಿಂದ ಯಾರ ದುರ್ನಡತೆಯನ್ನೂ ಮುಚ್ಚಿಡುವುದು ಸಲ್ಲದು.

ಈವೋ ಮತ್ತೆ ಎದ್ದು ನಿಂತಿತು. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನಲ್ಲಿ ಸುಮಾರು 40 ಮಂದಿ ಕೂಡಿ ಆರಂಭಿಸಿದ ಈ ಪಂದ್ಯವು 2024ರ ಜುಲೈಯಲ್ಲಿ ಲಾಸ್ ವೇಗಸ್ ನಗರದಲ್ಲಿ ನಡೆದಾಗ, ಹೊಚ್ಚ ಹೊಸ ಆಟಗಳ ಸಾಲಿನಲ್ಲಿ ಎಂಟು ಮುಖ್ಯ ಆಟಗಳಲ್ಲೊಂದಾಗಿ ‘ಥರ್ಡ್ ಸ್ಟ್ರೈಕ್’ ನಿಂತಿತು. ಹುಟ್ಟಿ ಆಗ 25 ವರ್ಷ. ಆ ನಡುವೆ ‘ಸ್ಟ್ರೀಟ್ ಫೈಟರ್’ ಮಾಲೆಯಲ್ಲಿ ನಾಲ್ಕನೆಯದು, ಐದನೆಯದು, ಆರನೆಯದು ಬಂದಾಗಿತ್ತು. ಹಳೆಯದನ್ನು ಹಿಡಿದವರು ಹೊಸದನ್ನು ಹಳಿಯುತ್ತ ಕೂರಲಿಲ್ಲ. ಅನೇಕರು ಎರಡನ್ನೂ ಆಡಿದರು, ಹೊಸದಕ್ಕೆ ಬಂದವರನ್ನು ಹಳೆಯದಕ್ಕೂ ಕರೆದರು.

ಪರಊರಿನಲ್ಲಿರುವ ನಮ್ಮ ಸಂಘಗಳಲ್ಲಿಯೂ ಯಕ್ಷಗಾನದ ತಂಡ, ನಾಟಕದ ತಂಡ, ಕಬಡ್ಡಿಯ ತಂಡಗಳುಂಟು. ವಾರ್ಷಿಕೋತ್ಸವದಲ್ಲಿ ಅದೇ ನಾಲ್ಕು ಹಿರಿಯರು ವೇಷ ಕಟ್ಟಿ ಚಪ್ಪಾಳೆ ಪಡೆಯುವುದನ್ನು ನಾವು ಕಾಣುತ್ತಿದ್ದೇವೆ. ಅವರ ನೈಪುಣ್ಯಕ್ಕೆ ನಮ್ಮ ನಮಸ್ಕಾರ. ಆದರೆ ಐದನೆಯವನು ಎಲ್ಲಿ? ಅವನು ಬಹುಶಃ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವನು, ಇಲ್ಲವೆ ಆಫೀಸಿನ ಮೂಲೆಯಲ್ಲಿ ಲೆಕ್ಕ ಬರೆಯುತ್ತಿರುವನು. ಯಾರೂ ಕರೆಯದುದರಿಂದ ಬಂದಿಲ್ಲ. ಮುಂದಿನ ರಜೆಯ ದಿನ ಅಭ್ಯಾಸಕ್ಕೆ ಹೋಗುವ ವಾಚಕ ಬಂಧುಗಳು ಅಂತಹ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂದೂ, ಅವನು ಮೊದಲ ದಿನ ತಾಳ ತಪ್ಪಿದರೆ ನಗಬಾರದೆಂದೂ ನಮ್ಮ ವಿನಂತಿ.