ಸ್ವೆಟರ್ ನಮಗೆ, ನೀರು ನಾಯಿಗೆ

ಡಿಸೆಂಬರ್ ಬಂತೆಂದರೆ ಬಸವೇಶ್ವರನಗರ, ವಿಜಯನಗರದ ಪಾರ್ಕುಗಳ ಸುತ್ತ ಸ್ವೆಟರ್ ತೊಟ್ಟ ಲ್ಯಾಬ್ರಡಾರ್‌ಗಳು ಕಾಣಿಸಿಕೊಳ್ಳುತ್ತವೆ. ಮಂಕಿ ಟೋಪಿ ಹಾಕಿಕೊಂಡ ಯಜಮಾನರಿಗೆ ಚಳಿ, ಆದ್ದರಿಂದ ನಾಯಿಗೂ ಚಳಿ ಎಂಬ ಲೆಕ್ಕ. ಬೆಂಗಳೂರಿನ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೀನುಗಾರರ ಜೊತೆ ಕೊರೆಯುವ ಕಡಲಿಗಿಳಿಯುತ್ತಿದ್ದ ನಾಯಿಗಳ ವಂಶಕ್ಕೆ ಇದೊಂದು ಚಳಿಯೇ? ಮುಧೋಳದಂಥ ಸಣಕಲು ಮೈಯ, ಗಿಡ್ಡ ಕೂದಲಿನ ನಾಯಿಗೆ, ಮರಿಗೆ, ಮುದಿ ನಾಯಿಗೆ ನಸುಕಿನಲ್ಲಿ ಹೊದಿಕೆ ಇರಲಿ. ಉಳಿದವನ್ನು ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆಗೋ, ಕೆಂಗೇರಿ ದಾಟಿ ಯಾವುದೋ ಗುಡ್ಡಕ್ಕೋ ಕರೆದೊಯ್ಯುವವರು ಅಂಜಬೇಕಾದ್ದು ಬಿಸಿಲಿಗೆ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ಅದರ ಪಾದದ ಮೆತ್ತೆಗಳಲ್ಲಿ ಬೆವರುತ್ತದೆ ನಿಜ, ಅದರಿಂದ ತಂಪಾಗುವುದು ಅಷ್ಟಕ್ಕಷ್ಟೇ. ಮುಖ್ಯ ಕೆಲಸ ಮೂಗು, ನಾಲಗೆಗಳದು. ಓಡಿ ದಣಿದ ನಾಯಿಯನ್ನು ಹತ್ತಿರದಿಂದ ನೋಡಿ: ಬಾಯಿ ತೆರೆದಿದ್ದರೂ ಉಸಿರನ್ನು ಒಳಗೆಳೆಯುವುದು ಹೆಚ್ಚಾಗಿ ಮೂಗಿನಿಂದ, ಬಿಡುವುದು ಬಾಯಿಯಿಂದ. ಶರೀರಕ್ರಿಯಾ ವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಇದನ್ನು ಅಳೆದು ತೋರಿಸಿದರು. ಒಣಗಾಳಿ ಮೂಗಿನೊಳಗಿನ ಒದ್ದೆ ಪೊರೆಯ ಮೇಲೆ ಹಾಯುವಾಗ ನೀರು ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ಮೈಯಿಂದ ಹೊರಹೋಯಿತು. ಈ ನೀರನ್ನು ಒದಗಿಸಲೆಂದೇ ಮೂಗಿನ ಪಕ್ಕದಲ್ಲೊಂದು ಗ್ರಂಥಿಯಿದೆ.

ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಲ ಆಡುವ ಉಸಿರು, ತೇಕುವಾಗ ಮುನ್ನೂರರ ಆಸುಪಾಸಿಗೆ ಏರುತ್ತದೆ. ಅಷ್ಟು ದುಡಿದರೆ ಮೈ ಇನ್ನೂ ಕಾಯಬೇಕಲ್ಲ? ಕಾಯುವುದಿಲ್ಲ. ಎದೆಗೂಡು, ಶ್ವಾಸಕೋಶಗಳಿಗೆ ತಮ್ಮದೇ ಒಂದು ಸಹಜ ಲಯವಿದೆ. ನಾಯಿ ತೇಕುವುದು ಹೆಚ್ಚುಕಡಿಮೆ ಅದೇ ಲಯದಲ್ಲಿ. ಲಯ ನೋಡಿ ತಳ್ಳಿದ ಉಯ್ಯಾಲೆಯ ಹಾಗೆ, ಸ್ವಲ್ಪವೇ ಬಲಕ್ಕೆ ದೊಡ್ಡ ಕೆಲಸ ಆಗಿಬಿಡುತ್ತದೆ. ಮೊಂಡು ಮೂಗಿನ ಪಗ್‌ಗೆ ತೇಕಿ ತಣಿಯುವ ಅನುಕೂಲ ಕಡಿಮೆ. ಪಗ್ ಸಾಕಿದವರು ಬೆಟ್ಟದ ಆಸೆ ಬಿಡುವುದೇ ಲೇಸು.

ಪಾದದ ಕತೆ ಬೇರೆ. ಜಪಾನಿನ ಹಿರೋಯೋಶಿ ನಿನೊಮಿಯ ತಂಡ 2011ರಲ್ಲಿ ಪ್ರಕಟಿಸಿದಂತೆ, ಮೆತ್ತೆಯೊಳಗೆ ಅಪಧಮನಿಗೆ ಒತ್ತಿಕೊಂಡೇ ಅಭಿಧಮನಿಗಳ ಜಾಲವಿದೆ. ನೆಲದಿಂದ ತಣ್ಣಗಾಗಿ ಹಿಂತಿರುಗುವ ರಕ್ತ, ಕೆಳಗಿಳಿಯುವ ಬಿಸಿ ರಕ್ತದಿಂದ ಶಾಖ ಪಡೆದು ಮೇಲೇರುತ್ತದೆ. ಹಿಮದ ಮೇಲೆ ನಿಲ್ಲಲು ಸೊಗಸಾದ ಏರ್ಪಾಡು. ಆದರೆ ಸುಡುವ ಬಂಡೆಯ ಮುಂದೆ ಇದರ ಆಟ ನಡೆಯದು. ಜನವರಿಯ ಮಧ್ಯಾಹ್ನ ಗಾಳಿ 27 ಡಿಗ್ರಿ ಇದ್ದರೂ ಬಿಸಿಲುಂಡ ಕರಿಬಂಡೆ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ನಿಮ್ಮ ಅಂಗೈ ಹಿಂಬದಿಯನ್ನು ಐದಾರು ಸೆಕೆಂಡ್ ಬಂಡೆಗೆ ಒತ್ತಿಡಲಾಗದಿದ್ದರೆ ನಾಯಿಯೂ ಅದನ್ನು ತುಳಿಯಬಾರದು.

ಹಾಗಾದರೆ ಕತ್ತಲಿರುವಾಗಲೇ ಹೊರಟರಾಯಿತು ಎನ್ನುವಂತಿಲ್ಲ. ಅದು ಚಿರತೆಯ ಹೊತ್ತು. 2022ರ ಡಿಸೆಂಬರಿನಲ್ಲಿ ಕೆಂಗೇರಿ, ತುರಹಳ್ಳಿ ಸುತ್ತ ಚಿರತೆ ಕಾಣಿಸಿಕೊಂಡಿತ್ತು. ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆಗಳ ಆಹಾರವನ್ನು ಪರಿಶೀಲಿಸಿದ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರಿಗೆ, ತೂಕದ ಲೆಕ್ಕದಲ್ಲಿ ಅದರ ಶೇಕಡಾ 39 ಭಾಗ ನಾಯಿಗಳೇ ಎಂದು ಗೊತ್ತಾಗಿತ್ತು. ನಾಯಿ ಹಗ್ಗದಲ್ಲೇ ಇರಲಿ. ರಾಮನಗರದ ರಾಮದೇವರಬೆಟ್ಟದಂಥ ಅಭಯಾರಣ್ಯಗಳಿಗಂತೂ ಬೇಡವೇ ಬೇಡ. ಉಳಿದೆಡೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಳ ಹುಡುಕಿ. ನಮ್ಮೂರಲ್ಲಿ ಅವುಗಳಿಗೆ ಚಳಿಗಾಲದ ರಜೆ ಇಲ್ಲ.

ತೇಕು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಕೆಂಪೇರಿ, ಹೆಜ್ಜೆ ತಡವರಿಸಿದರೆ ಅದು ದಣಿವಲ್ಲ, ಶಾಖಾಘಾತ. ಕೂಡಲೇ ನೆರಳಿಗೆ ತಂದು ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಿ. ಆಸ್ಪತ್ರೆಗೆ ಓಡುವುದು ಆಮೇಲೆ. ಮೊದಲು ಮೈ ತಣಿಯಲಿ. ಇದಾವುದೂ ಬೇಡವೆಂದಾದರೆ, ಬೆಳಕು ಚೆನ್ನಾಗಿ ಹರಿದ ಮೇಲೆ ಹತ್ತಿ, ಹತ್ತು ಗಂಟೆಯೊಳಗೆ ಇಳಿದುಬಿಡಿ. ಸ್ವೆಟರ್ ಮನೆಯಲ್ಲೇ ಇರಲಿ, ಆ ಜಾಗದಲ್ಲಿ ಇನ್ನೊಂದು ಬಾಟಲಿ ನೀರು ಇಟ್ಟುಕೊಳ್ಳಿ.